ಕಡಲಿಗೆ ಹೋಗಿ ಬಂದ ಕಲ್ಲು

ಆ ಕಲ್ಲು ಯಾವುದೆಂದು ಕೂತ ಮೇಲೆ ಗೊತ್ತಾಯಿತು. ಗುಂಡ್ಲುಪೇಟೆ ದಾಟಿ ಕೇರಳದ ರಸ್ತೆಯಲ್ಲಿ, ಮದ್ದೂರು ಚೆಕ್‌ಪೋಸ್ಟ್ ಇನ್ನೂ ಮುಂದಿರುವಾಗಲೇ ಬಸ್ಸಿನ ಟೈರು ಪಂಕ್ಚರಾಗಿತ್ತು. ಎದುರಿಗೆ ತಗಡು ಹೊದಿಸಿದ ಟೀ ಅಂಗಡಿ. ಅದರ ಮುಂದೆ ಬೆಂಚಿನ ಬದಲು ಮೊಣಕಾಲೆತ್ತರದ ಉದ್ದನೆಯ ಕಲ್ಲು. ಕೂತು ಪಕ್ಕಕ್ಕೆ ಕೈ ಊರಿದೆ. ಅಂಗೈಗೆ ಗುಳಿಗಳು ಸಿಕ್ಕವು. ಸಣ್ಣ ಸಣ್ಣ ಗುಳಿ, ಒತ್ತೊತ್ತಾಗಿ, ಒಂದಕ್ಕೂ ಸಾಲಿಲ್ಲ. ಕಲ್ಲಿನವರು ಹಾಗೆ ಹೊಡೆಯುವುದಿಲ್ಲ. ಹಾಗೆ ಹೊಡೆದದ್ದನ್ನು ನಾನು ಜೀವನದಲ್ಲಿ ಒಂದೇ ಸಲ ನೋಡಿದ್ದೆ. ಬಗ್ಗಿ ಕಲ್ಲಿನ ಹಿಂಬದಿ ನೋಡಿದೆ. ಅಂಗಡಿಯ ಗೋಡೆಗೆ ಒತ್ತಿಕೊಂಡು ಮಳೆ ತಾಗದ ಆ ಮೈಯಲ್ಲಿ ಬಿಳಿ ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿತ್ತು. 2417. ಏಳರ ನಡುವೆ ಅಡ್ಡಗೆರೆ. ಏಳಕ್ಕೆ ಹಾಗೆ ಗೆರೆ ಎಳೆಯುತ್ತಿದ್ದವನು ಆ ಕ್ವಾರಿಯಲ್ಲಿ ನಾನೊಬ್ಬನೇ.

"ಆ ಕಲ್ಲು ಸಮುದ್ರ ನೋಡ್ಕಬಂದದೆ ಸಾ," ಎಂದಳು ಟೀ ಸೋಸುತ್ತಿದ್ದ ಹೆಂಗಸು. "ಎಲ್ರೂ ಕೇಳ್ತಾರೆ. ದೊಡ್ಡ ಕತೆ ಅದೆ ಅದ್ರದ್ದು."

ನಾನು ಕೇಳಿರಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ. ಆ ಬೇಸಿಗೆಯ ಕತೆಯನ್ನು ನಾನೇ ನಾಲ್ಕೈದು ಜನಕ್ಕೆ ಹೇಳಿದ್ದೇನೆ. ಪ್ರತಿ ಸಲವೂ ಒಂಚೂರು ಒಳ್ಳೆಯವನಾಗಿದ್ದೇನೆ. ಹೆಂಡತಿಗೆ ಹೇಳಿದಾಗ ನಾನು ಮೊದಲೇ ಎಚ್ಚರಿಸಿದ್ದೆ, ಅವರು ಕೇಳಲಿಲ್ಲ. ಮೈಸೂರಿನ ಗೆಳೆಯನಿಗೆ ಹೇಳಿದಾಗ ಆ ದಿನ ನನಗೆ ಜ್ವರ, ಕ್ವಾರಿಗೇ ಹೋಗಿರಲಿಲ್ಲ. ಹೇಳಿ ಹೇಳಿ ಆ ಜ್ವರದ ಮೈಬಿಸಿ ಕೂಡ ನೆನಪಿಗೆ ಬರುವ ಹಾಗಾಗಿದೆ. ಕಲ್ಲಿನ ಮೇಲಿನ ಬಣ್ಣ ಮಾತ್ರ ಮೊದಲ ದಿನ ಹೇಳಿದ್ದನ್ನೇ ಹೇಳುತ್ತಿದೆ. ಹಾಗಾಗಿ ಈ ಸಲ ಬಣ್ಣದ ಕಡೆಯಿಂದ ಹೊರಡುತ್ತೇನೆ.

ಎರಡು ಸಾವಿರದ ಆರೋ ಏಳೋ ಇರಬೇಕು. ಹಿಂದಿನ ವರ್ಷ ಮಲಬಾರಿನ ಕಡೆ ದೊಡ್ಡ ಬಿರುಗಾಳಿ ಬಂದು, ದಡದ ಒಂದು ಊರಿನೊಳಕ್ಕೆ ಕಡಲು ನುಗ್ಗಿತ್ತು. ಮುಂದಿನ ಮಳೆಗಾಲದೊಳಗೆ ಆ ದಡದುದ್ದಕ್ಕೂ ಕಲ್ಲಿನ ತಡೆ ಕಟ್ಟಬೇಕೆಂದು ಅಲ್ಲಿನವರು ಹೊರಟಿದ್ದರು. ಅವರಿಗೆ ಕಲ್ಲು ಸಾಲದೆ, ಕಾಡು ದಾಟಿ ಈಚೆಗೆ ಹುಡುಕಿಕೊಂಡು ಬಂದರು. ಕೇರಳ ರಸ್ತೆಯಿಂದ ಒಳಕ್ಕೆ ಎರಡು ಮೈಲಿ ಹೋದರೆ ಸಿಗುವ ಒಂದು ಬೋಳುಗುಡ್ಡ ಅವರಿಗೆ ಹಿಡಿಸಿತು. ಕಡಲನ್ನೇ ನೋಡದ ಗುಡ್ಡ ಲಾರಿ ಹತ್ತಿ ಕಡಲಿಗೆ ಹೊರಟಿತು.

ನಾನು ಚಾಮರಾಜನಗರದವನು. ಅಪ್ಪ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತರಾಗಿದ್ದರು. ಸಿವಿಲ್ ಡಿಪ್ಲೊಮಾದಲ್ಲಿ ನನಗೆ ಎರಡು ಪೇಪರು ಉಳಿದಿದ್ದವು. ಸೋದರಮಾವನಿಗೆ ಆ ಕಲ್ಲಿನ ಗುತ್ತಿಗೆದಾರನ ಪರಿಚಯ. "ಮನೇಲಿ ಕೂತು ಗೋಡೆ ನೋಡೋದಕ್ಕಿಂತ ಅಲ್ಲಿ ಹೋಗಿ ಕಲ್ಲು ನೋಡು," ಎಂದರು ಅಪ್ಪ. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿಯ ಮೇಲೊಂದು ರೂಮು ಸಿಕ್ಕಿತು. ಸಣ್ಣ ಈರುಳ್ಳಿಯ ವಾಸನೆ ಹಾಸಿಗೆಗೆ, ಅಂಗಿಗೆ, ತಲೆಗೂದಲಿಗೆ ಹತ್ತಿತು. ಕೆಲಸ ಇಷ್ಟೇ: ತಡೆಯ ಹೊರಪದರಕ್ಕೆ ಹೋಗುವ ದೊಡ್ಡ ಕಲ್ಲುಗಳನ್ನು ಟೇಪಿನಲ್ಲಿ ಅಳೆಯುವುದು, ತೂಕ ಲೆಕ್ಕ ಹಾಕುವುದು, ಏಳು ಕ್ವಿಂಟಾಲಿಗೆ ಕಡಿಮೆ ಇಲ್ಲದಿದ್ದರೆ ಬಿಳಿ ಬಣ್ಣದಲ್ಲಿ ನಂಬರು ಬರೆದು ಪಕ್ಕದಲ್ಲಿ ಸರಿ ಗುರುತು ಹಾಕುವುದು. ಆ ಗುರುತಿಲ್ಲದ ಕಲ್ಲನ್ನು ಕಡಲಿನ ಕಡೆಯವರು ಇಳಿಸಿಕೊಳ್ಳುತ್ತಿರಲಿಲ್ಲ.

ಮೊದಲ ದಿನದಿಂದಲೇ ಆ ಜಾಗ ಕಂಡರೆ ನನಗಾಗಲಿಲ್ಲ. ಗುಡ್ಡದ ಹಿಂದೆ ಎಲ್ಲೋ ಕಾಡಿತ್ತು, ಕಾಡಿನ ತಂಪಿರಲಿಲ್ಲ. ಮದ್ದು ಸಿಡಿದಾಗಲೆಲ್ಲ ಬಾಯೊಳಗೆ ಪುಡಿ. ಊಟ ಮಾಡಿದರೆ ಅನ್ನ ಕರಕರ ಅನ್ನುತ್ತಿತ್ತು. ಹನ್ನೊಂದರ ಹೊತ್ತಿಗೆ ಟೇಪಿನ ಲೋಹ ಕೈ ಸುಡುತ್ತಿತ್ತು. ಕಲ್ಲಿನ ಮೇಲೆ ಬಣ್ಣ ಇಡುತ್ತಿದ್ದಂತೆ ಒಣಗುತ್ತಿತ್ತು.

ಮಾರ್ಚಿನಲ್ಲಿ ಕಡಲಿನ ಕಡೆಯಿಂದ ಒಬ್ಬ ಇಂಜಿನಿಯರ್ ಬಂದರು. ತೆಳ್ಳನೆಯ ಮನುಷ್ಯ, ಬಿಸಿಲಿಗೆ ಕೊಡೆ ಹಿಡಿದು ಬಂದಿದ್ದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಒಂದು ಬಾಣಲಿಗೆ ನೀರು ಹಾಕಿಸಿ, ಅದರ ಒಂದು ಬದಿಗೆ ನಯವಾದ ಹೆಂಚಿನ ಚೂರನ್ನು ಓರೆಯಾಗಿ ನಿಲ್ಲಿಸಿದರು. ಬಾಣಲಿ ಅಲ್ಲಾಡಿಸಿದರು. ನೀರು ಹೆಂಚಿನ ಮೇಲೆ ಓಡಿ ಆಚೆಗೆ ಚೆಲ್ಲಿತು. ಹೆಂಚು ತೆಗೆದು ಅಲ್ಲಿ ಜಲ್ಲಿಕಲ್ಲು ಸುರಿದು ಮತ್ತೆ ಅಲ್ಲಾಡಿಸಿದರು. ನೀರು ಕಲ್ಲಿನ ಸಂದುಗಳಲ್ಲಿ ಹೊಕ್ಕು, ಬುಳುಬುಳು ಎಂದು, ಸುಸ್ತಾಗಿ ಹಿಂದೆ ಸರಿಯಿತು. ಬಿರುಗಾಳಿಯ ದಿನ ಅಲೆ ದೊಡ್ಡದಾಗುವುದಷ್ಟೇ ಅಲ್ಲ, ಕಡಲೇ ಮೇಲೇಳುತ್ತದೆ, ಆ ನೀರನ್ನು ಗೋಡೆ ಕಟ್ಟಿ ನಿಲ್ಲಿಸಲಾಗದು, ಅದನ್ನು ದಣಿಸಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕಲ್ಲು ಒರಟಾಗಿದ್ದರೆ ಒಂದನ್ನೊಂದು ಕಚ್ಚಿಕೊಳ್ಳುತ್ತವೆ, ನಯವಾದರೆ ಜಾರುತ್ತವೆ. ಮೂವತ್ತು ಪುಟದ ಒಂದು ಪುಸ್ತಕ ಕೊಟ್ಟರು. ಅದರಲ್ಲಿ ಒಂದು ಸಾಲನ್ನು ತೋರಿಸಿ, ಇದನ್ನು ಕಲ್ಲಿನವರಿಗೆಲ್ಲ ತಿಳಿಸಿ ಎಂದರು. ನಾನು ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದುಕೊಂಡೆ. ಹೊರಪದರದ ಕಲ್ಲುಗಳು ಒರಟಾಗಿಯೇ ಇರಬೇಕು. ಕೆತ್ತಿ ನಯ ಮಾಡಿದ ಮುಖ ಇರಕೂಡದು.

ತಿಳಿಸಲು ಹೋದೆ. ಇದು ನಿಜ. ಹೋದೆ ಅನ್ನುವಷ್ಟು ನಿಜ.

ಕಲ್ಲಿನವರ ಮುಖ್ಯಸ್ಥೆ ಮಹದೇವಮ್ಮ. ಹಂಗಳದವಳು, ಐವತ್ತು ದಾಟಿದ್ದಳು. ಗಂಡ ಸತ್ತ ಮೇಲೆ ಅವನ ಗುಂಪನ್ನು ಅವಳೇ ನಡೆಸುತ್ತಿದ್ದಳು. ಗುಂಪಿನಲ್ಲಿ ಒಂಬತ್ತು ಜನ. ಮದ್ದಿಟ್ಟು ಸಿಡಿಸಿದ ಬಂಡೆಯನ್ನು ಬೆಣೆ ಬಡಿದು ಬೇಕಾದ ಗಾತ್ರಕ್ಕೆ ಸೀಳುವುದು ಅವರ ಕೆಲಸ. ಬಂಡೆಗೆ ಕಿವಿ ಕೊಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಸೀಳು ಎಲ್ಲಿಂದ ಎಲ್ಲಿಗೆ ಓಡುತ್ತದೆಂದು ಹೇಳಬಲ್ಲಳು. ನಾನು ಪುಸ್ತಕ ಬಿಡಿಸಿಕೊಂಡು ಅವರೆದುರು ನಿಂತೆ.

"ಅಲೆ ಬಂದು ಹೊಡೆದಾಗ..." ಎಂದು ಶುರು ಮಾಡಿದೆ.

"ನೀನು ನೋಡಿದ್ದೀಯಾ ಅಲೆಯ?" ಎಂದಳು ಮಹದೇವಮ್ಮ.

"ಇಲ್ಲ."

"ನಾನೂ ನೋಡಿಲ್ಲ. ಮತ್ಯಾಕ್ಲಾ ನಾವಿಬ್ರೂ ಅದ್ರ ಸುದ್ದಿ ಆಡಾದು?"

ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಚಿಕ್ಕಮಾದ, ಅವಳ ತಮ್ಮನ ಮಗ, ನನ್ನ ವಯಸ್ಸಿನವನೇ.

"ನನ್ ತೌರು ಉಮ್ಮತ್ತೂರು ಕಣಪ್ಪ," ಎಂದಳು ಅವಳು. "ಆ ಸೀಮೆ ಕೆರೆ ಏರಿಗೆಲ್ಲ ಕಲ್ಲು ಜೋಡ್ಸಿದೋರು ನಮ್ಮಪ್ಪ. ನಾನು ಈಟುದ್ದ ಇರುವಾಗ್ಲೇ ಚಾಣ ಇಡಿದೋಳು. ನೀರ್ಗೂ ಕಲ್ಗೂ ಏನು ನ್ಯಾಯ ಅಂತ ನಿನ್ ಪುಸ್ತಕ ನಂಗೆ ಏಳ್ಕೊಡ್ತದಾ? ಮಡುಗು ಒಳಕ್ಕೆ."

ಮಡಗಿದೆ. ಕೆಂಪು ಗೆರೆಯ ಸಾಲಿನವರೆಗೆ ಹೋಗಲೇ ಇಲ್ಲ. ಆಗ ಅದು ಅಷ್ಟೇನೂ ಬೇಕಾಗಿರಲಿಲ್ಲ ಕೂಡ. ಲಾರಿಗೆ ಹೋಗುತ್ತಿದ್ದದ್ದೆಲ್ಲ ಸೀಳಿದ ಒರಟು ಕಲ್ಲೇ. ಯಾರಿಗೆ ಅದನ್ನು ಕೆತ್ತುವ ಹುಚ್ಚು? ಹಾಗಂದುಕೊಂಡು ಆ ಸಂಜೆ ರೂಮಿಗೆ ಹೋದೆ. ಅಲ್ಲಿಂದ ನನ್ನ ಹೆಸರು ಟೇಪು ಆಯಿತು.

ಆ ಹೆಸರೂ ಬಹಳ ದಿನ ಉಳಿಯಲಿಲ್ಲ. ಅದನ್ನು ಕಿತ್ತುಹಾಕಿದವನು ಬಾಲನ್.

ಬಾಲನ್ ಲಾರಿ ಡ್ರೈವರು. ಕಡಲು ನುಗ್ಗಿದ ಆ ಊರಿನವನೇ. ನಲವತ್ತರ ಆಸುಪಾಸು, ಗಿಡ್ಡ, ಲುಂಗಿಯನ್ನು ಸದಾ ಮಡಿಚಿ ಕಟ್ಟಿರುತ್ತಿದ್ದ. ತನ್ನ ದಡಕ್ಕೆ ಕಲ್ಲು ಹೋಗುತ್ತದೆಂದು ಗೊತ್ತಾಗಿ ಬೇರೆ ಬಾಡಿಗೆ ಬಿಟ್ಟು ಇದನ್ನು ಹಿಡಿದಿದ್ದ. ದಿನ ಬಿಟ್ಟು ದಿನ ಬರುತ್ತಿದ್ದ. ಕನ್ನಡ, ತಮಿಳು, ಮಲಯಾಳ ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಮಾತಾಡುತ್ತಿದ್ದ. ಬೇರೆ ಡ್ರೈವರುಗಳು ಲೋಡಾಗುವಾಗ ನಿದ್ದೆ ಮಾಡಿದರೆ ಇವನು ಕಲ್ಲುಗಳ ಸುತ್ತ ತಿರುಗುತ್ತಿದ್ದ.

"ಸಾರೇ, ಇದು ಏಳು ಕ್ವಿಂಟಾಲ್ ಇಲ್ಲ," ಎಂದ ಒಂದು ದಿನ.

"ಅಳೆದಿದ್ದೇನೆ."

"ಅಳತೆ ಅಲ್ಲ ಸಾರೇ, ತೂಕ. ಇದನ್ನು ಕಡಲು ಮುರುಕ್ಕು ಮಾದಿರಿ ಕರಕರ ತಿನ್ನುತ್ತೆ."

"ಲಾರಿ ಓಡಿಸೋದು ನಿನ್ನ ಕೆಲಸ. ಓಡಿಸು."

ಅವನು ವಾದ ಮಾಡಲಿಲ್ಲ. ಆ ಒಂದೇ ಕಲ್ಲನ್ನು ಲಾರಿಗೆ ಹಾಕಿಸಿ, ನನ್ನನ್ನು ಪಕ್ಕದ ಸೀಟಿಗೆ ಹತ್ತಿಸಿಕೊಂಡು ಗುಂಡ್ಲುಪೇಟೆಯ ವೇಬ್ರಿಡ್ಜಿಗೆ ಹೋದ. ಮೊದಲು ಕಲ್ಲು ಸಮೇತ ತೂಗಿದರು, ಆಮೇಲೆ ಬರೀ ಲಾರಿ. ಐದೂ ಮುಕ್ಕಾಲು ಕ್ವಿಂಟಾಲು. ನಾನು ಕಲ್ಲನ್ನು ಪೆಟ್ಟಿಗೆಯ ಹಾಗೆ ಅಳೆದಿದ್ದೆ, ಮುರಿದ ಮೂಲೆಗಳನ್ನು ಕಳೆದಿರಲಿಲ್ಲ. ವಾಪಸ್ ಬಂದಾಗ ಅವನು ಚೀಟಿಯನ್ನು ನನಗೆ ಕೊಡಲಿಲ್ಲ, ಓದಲು ಬರದ ಮಹದೇವಮ್ಮನ ಕೈಗೆ ಕೊಟ್ಟ. ಅವಳು, "ಓದ್ಲಾ ಮಾದ," ಎಂದಳು. ಚಿಕ್ಕಮಾದ ಬಂಡೆಯ ಮೇಲೆ ಹತ್ತಿ ನಿಂತು ಓದಿದ.

ಅವತ್ತಿನಿಂದ ನಾನು ಮುಕ್ಕಾಲು. ಬೆಳಿಗ್ಗೆ ಗುಡ್ಡ ಹತ್ತುತ್ತಿದ್ದಂತೆ ಮೇಲಿಂದ ಕೂಗು ಕೇಳುತ್ತಿತ್ತು: "ಮುಕ್ಕಾಲು ಬಂದ, ಮೂಗು ಮುಚ್ಕಳಿ!" ಈರುಳ್ಳಿಯ ವಾಸನೆಯನ್ನೂ ಅವರು ಬಿಟ್ಟಿರಲಿಲ್ಲ. ಊಟಕ್ಕೆ ಕೂತರೆ, "ಮುಕ್ಕಾಲು ಮುದ್ದೆ ಸಾಕಾ, ಪೂರ್ತಿ ಬೇಕಾ?" ತಪ್ಪು ನನ್ನದೇ ಎಂದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಹೆಚ್ಚಾಯಿತು. ಅಲ್ಲಿಂದ ಮುಂದೆ ಪ್ರತಿ ಕಲ್ಲನ್ನೂ ಮೂರು ಸಲ ಅಳೆದೆ, ಕೆಲಸವನ್ನು ಪೂರ್ತಿ ಸರಿಯಾಗಿ ಮಾಡಿದೆ. ಅವರ ಜೊತೆ ಮಾತು ಮಾತ್ರ ನಿಲ್ಲಿಸಿದೆ.

ಬಾಲನ್ ಅವರಲ್ಲೊಬ್ಬನಾದ. ಬರುವಾಗಲೆಲ್ಲ ಒಣಮೀನು ತರುತ್ತಿದ್ದ. ಒಂದು ಸಲ ಮಹದೇವಮ್ಮ ಕೇಳಿದಳೆಂದು ಬಾಟಲಿಯಲ್ಲಿ ಕಡಲ ನೀರು ತಂದ. ಅವಳು ಅಂಗೈಗೆ ಸುರಿದುಕೊಂಡು ನೆಕ್ಕಿ ಉಗಿದಳು.

"ಥೂ. ಇದ್ಕಾ ನೀವೆಲ್ಲ ಈಟೊಂದು ಎದ್ರೋದು?"

"ಇದು ಮಲಗಿದ ನೀರು ಅಮ್ಮಾ," ಎಂದ ಬಾಲನ್. "ಎದ್ದಾಗ ಬೇರೆ."

ಹಿಂದಿನ ವರ್ಷದ ಬಿರುಗಾಳಿಯನ್ನು ಅವನು ಹೇಳಿದ್ದು ಆಗ. ನಾನು ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ಬಣ್ಣ ಕಲಸುತ್ತಾ ಕೇಳಿಸಿಕೊಂಡೆ. ಕಡಲು ಮುಂಬಾಗಿಲಿಂದ ಬರಲಿಲ್ಲವಂತೆ, ಸುತ್ತು ಹಾಕಿ ಅಡುಗೆಮನೆಯಿಂದ ಬಂತಂತೆ. ಅವನ ತಾಯಿ ಎರಡು ಕೋಳಿ ಹಿಡಿದುಕೊಂಡು ಮಂಚದ ಮೇಲೆ ನಿಂತಿದ್ದಳಂತೆ. ನೀರಿಳಿದ ಮೇಲೆ ಮನೆ ಬಿಡು ಎಂದರೆ ಬಿಡಲೊಲ್ಲಳು. ನನ್ನ ಗಂಡ ಕಟ್ಟಿದ ಗೋಡೆ, ನಾನು ಹಚ್ಚಿದ ಒಲೆ, ಕಲ್ಲು ಹಾಕಿಸುವುದಾದರೆ ಮುಂದೆ ಹಾಕಿಸು ಎಂದಿದ್ದಳು.

ಮೇ ತಿಂಗಳು ಅರ್ಧಕ್ಕೆ ಬಂತು. ದಡದ ಎರಡೂ ಬದಿಯಿಂದ ಕಲ್ಲಿನ ತಡೆ ಬೆಳೆದು ಬಂದು ನಡುವೆ ಇಪ್ಪತ್ತಡಿ ಉಳಿಯಿತು. ಯಂತ್ರಗಳು ಓಡಾಡಲು ಬಿಟ್ಟುಕೊಂಡಿದ್ದ ದಾರಿ ಅದು, ಕೊನೆಯಲ್ಲಿ ಮುಚ್ಚುವುದೆಂದು ಇಟ್ಟದ್ದು. ಆ ಇಪ್ಪತ್ತಡಿಯ ಹಿಂದೆ, ಹತ್ತು ಹೆಜ್ಜೆಯಲ್ಲಿ ಬಾಲನ್‌ನ ತಾಯಿಯ ಮನೆ. ಮಳೆ ಶುರುವಾಗುವ ಮುಂಚೆ ಆ ಬಾಯಿ ಮುಚ್ಚಬೇಕು, ಮೂವತ್ತು ಒಳ್ಳೆಯ ಕಲ್ಲು ಬೇಕು ಎಂದು ಅವನು ಬಂದು ಮಹದೇವಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ. ನನ್ನ ಮುಂದೆ ಅಲ್ಲ.

"ನಿನ್ನವ್ವನ ಮನೆ ಮುಂದ್ಕೆ ಸಿಡಿಸಿದ ಕಲ್ಲು ಆಕಾದಾ?" ಎಂದಳು ಅವಳು. "ಬ್ಯಾಡ ಕಣ್ಲಾ. ನಾವು ಮುಖ ಕೊಟ್ಟು ಕಳುಸ್ತೀವಿ."

ಅವರಲ್ಲಿ ಒಂದು ಕಟ್ಟಳೆಯಿತ್ತು. ಗುರುತಿಲ್ಲದವರಿಗೆ ಹೋಗುವ ಕಲ್ಲು ಹೇಗಾದರೂ ಹೋಗಲಿ. ಗುರುತಿನವರ ಮನೆಗೆ ಹೋಗುವ ಕಲ್ಲಿಗೆ, ಹೊಸ್ತಿಲಾಗಲಿ ಮೆಟ್ಟಿಲಾಗಲಿ, ಒಂದು ಮೈಯನ್ನಾದರೂ ಸಮ ಮಾಡಿಯೇ ಕಳಿಸಬೇಕು. ಅದಕ್ಕೆ ಮುಖ ಕೊಡುವುದು ಅನ್ನುತ್ತಿದ್ದರು. ಮುಖ ಕೊಡದೆ ಕಳಿಸಿದರೆ ಆ ಮನೆಯವರಿಗೆ ಬೆನ್ನು ತೋರಿಸಿದ ಹಾಗೆ. ಆ ಕೆಲಸಕ್ಕೆ ಕೂಲಿ ಮುಟ್ಟುವ ಹಾಗಿಲ್ಲ. ಇನ್ನು ಕೆರೆ ಏರಿಯಲ್ಲಿ ಕಲ್ಲಿನ ಸಮ ಮುಖ ನೀರಿನ ಕಡೆಗಿರುವುದನ್ನು ಮಹದೇವಮ್ಮ ಚಿಕ್ಕಂದಿನಿಂದ ನೋಡಿದ್ದಳು. ಅವಳ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಕೆರೆಯ ನೀರು ಎದ್ದು ಬರುವುದಿಲ್ಲ ಎಂಬುದೊಂದು ಬಿಟ್ಟು.

ಹನ್ನೆರಡು ದಿನ ಕೆತ್ತಿದರು. ದಿನದ ಕೆಲಸ ಮುಗಿದ ಮೇಲೆ, ಬೆಳಕು ಇರುವವರೆಗೆ, ಒಂಬತ್ತೂ ಜನ. ಉಳಿಯ ಸದ್ದು ಗುಡ್ಡದ ತುಂಬ. ಮುಂಗಾರು ಹನಿ ಆಗಲೇ ಎರಡು ಸಲ ಬಿದ್ದು ಹೋಗಿತ್ತು. ಕೆಳಗಿನ ಹೊಲಗಳಲ್ಲಿ ಚೆಂಡುಹೂವಿನ ಸಸಿ ನೆಡಲು ಸಾಲು ಹೊಡೆಯುತ್ತಿದ್ದರು. ಕೇಳಿದ್ದಕ್ಕಿಂತ ಒಂದು ಹೆಚ್ಚೇ, ಮೂವತ್ತೊಂದು ಕಲ್ಲು. ಒಂದೊಂದರ ಮುಖವೂ ಅಂಗೈ ಸವರಿದರೆ ತಡೆಯದ ಹಾಗೆ. ಅಷ್ಟು ಚೆಂದದ ಕೆಲಸವನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಅದನ್ನು ಆಗಲೂ ಬಲ್ಲೆ, ಈಗಲೂ ಬಲ್ಲೆ. ಹೆಂಚಿನ ಚೂರಿನ ಮೇಲೆ ನೀರು ಓಡಿದ್ದೂ ಕಣ್ಣಲ್ಲಿತ್ತು. ಪುಸ್ತಕ ಹೆಗಲ ಚೀಲದಲ್ಲಿತ್ತು.

ನಾಳೆ ಹೇಳೋಣ ಅಂದುಕೊಂಡೆ. ಇದನ್ನು ಹನ್ನೆರಡು ದಿನವೂ ಅಂದುಕೊಂಡೆ. ಹೇಳಲು ಹತ್ತಿರ ಹೋದಾಗ ಚಿಕ್ಕಮಾದ ಮೂಗು ಹಿಡಿದುಕೊಳ್ಳುತ್ತಿದ್ದ, ಹೆಂಗಸರು ಸೆರಗಿನಲ್ಲಿ ನಗುತ್ತಿದ್ದರು, ನಾನು ತಿರುಗಿ ಬರುತ್ತಿದ್ದೆ. ಇದನ್ನೇ ನೆಪ ಮಾಡಿಕೊಂಡು ಎಷ್ಟೋ ವರ್ಷ ಸಮಾಧಾನವಾಗಿದ್ದೆ. ಅವರು ನಗದೇ ಇದ್ದ ದಿನಗಳೂ ಇದ್ದವು. ಒಂದು ಸಂಜೆ ಮಹದೇವಮ್ಮ ತಾನಾಗಿ, "ಬಾ, ಕೈ ಇಟ್ ನೋಡು, ಎಂಗದೆ?" ಎಂದು ಕರೆದಳು. ಇಟ್ಟು ನೋಡಿದೆ. "ಚೆನ್ನಾಗಿದೆ," ಎಂದೆ. ಈ ಮಾತನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಲೋಡಿನ ದಿನ ಬೆಳಿಗ್ಗೆ ಮೋಡ ಕಟ್ಟಿತ್ತು. ಬಾಲನ್ ಇನ್ನಿಬ್ಬರು ಡ್ರೈವರುಗಳನ್ನೂ ಕರೆದುಕೊಂಡು ಬಂದಿದ್ದ. ಕೆತ್ತಿದ ಕಲ್ಲುಗಳಿಗೆ ಹೆಂಗಸರು ಅರಿಶಿನ ಹಚ್ಚಿದ್ದರು. ಅವನು ಒಂದೊಂದನ್ನೂ ಸವರಿದ. ಆಮೇಲೆ, ವೇಬ್ರಿಡ್ಜಿನ ದಿನದಿಂದೀಚೆಗೆ ಮೊದಲ ಸಲ, ನನ್ನ ಹತ್ತಿರ ಬಂದ. ಮಡಿಚಿದ ಲುಂಗಿಯನ್ನು ಕೆಳಗೆ ಬಿಟ್ಟುಕೊಂಡ.

"ಸಾರೇ. ನಮ್ಮ ಕಡೆ ಹಾಕಿರೋದೆಲ್ಲ ಒರಟು ಕಲ್ಲು. ಇದು ಹೀಗಿದೆ. ಆಗುತ್ತಾ? ನಿಮ್ಮ ಪುಸ್ತಕ ನೋಡಿ ಹೇಳಿ."

ಕೇಳಿದ. ಎಲ್ಲ ಬಿಟ್ಟು ನನ್ನನ್ನು ಕೇಳಿದ. ಒಂದು ಮಾತು ಸಾಕಿತ್ತು. ಒರಟು ಕಲ್ಲು ಅಲ್ಲೇ ರಾಶಿ ಬಿದ್ದಿತ್ತು, ಎರಡು ಗಂಟೆಯಲ್ಲಿ ಲೋಡಾಗುತ್ತಿತ್ತು.

"ಮಹದೇವಮ್ಮ ಮಾಡಿದ ಮೇಲೆ ಪುಸ್ತಕ ಯಾಕೆ?" ಎಂದೆ.

ಅಂದೆನೋ, ಅನ್ನಬೇಕೆಂದುಕೊಂಡು ಬರೀ ಹೆಗಲು ಕುಣಿಸಿದೆನೋ, ಖಚಿತವಿಲ್ಲ. ಎರಡೂ ನೆನಪಿವೆ. ಅಳೆದದ್ದು ಖಚಿತ. ಕೆತ್ತಿ ಕೆತ್ತಿ ಬಹಳಷ್ಟು ಕಲ್ಲು ಆರು ಕ್ವಿಂಟಾಲಿಗೆ ಇಳಿದಿದ್ದವು, ಅದೂ ಖಚಿತ. ಕುಂಚ ಅದ್ದಿ ಮೂವತ್ತೊಂದಕ್ಕೂ ನಂಬರು ಬರೆದೆ, ಮೂವತ್ತೊಂದಕ್ಕೂ ಸರಿ ಗುರುತು ಹಾಕಿದೆ. ಬಾಲನ್ ಕೈಮುಗಿದು ಲಾರಿ ಹತ್ತಿದ. ನನಗೆ ಒಳಗೊಳಗೇ ಖುಷಿಯಾಯಿತು. ನೋಡೋಣ ಯಾರು ಮುಕ್ಕಾಲು ಅಂತ, ಎಂದುಕೊಂಡೆ. ಮನೆ ಬೀಳಲಿ ಎಂದಲ್ಲ. ಕಡಲಿನ ಕಡೆಯ ಇಂಜಿನಿಯರ್ ಕಲ್ಲು ನೋಡಿ ವಾಪಸ್ ಕಳಿಸುತ್ತಾರೆ, ಗುಂಪಿಗೆಲ್ಲ ಅವಮಾನವಾಗುತ್ತದೆ, ಅಷ್ಟು ಸಾಕು ಎಂದು. ಇಂಜಿನಿಯರ್ ಆ ದಿನ ದಡದ ಇನ್ನೊಂದು ತುದಿಯಲ್ಲಿದ್ದರಂತೆ. ಮಳೆ ತಲೆಯ ಮೇಲಿತ್ತು. ಇಳಿಸಿಕೊಂಡವರು ನನ್ನ ಗುರುತು ನೋಡಿದರು, ಜೋಡಿಸಿದರು.

ಮುಂಗಾರು ಬಂತು. ಗುಂಡ್ಲುಪೇಟೆಯಲ್ಲಿ ಅದು ದೊಡ್ಡ ಮಳೆಯಲ್ಲ, ದಿನವಿಡೀ ಜಿಮುರು. ಕ್ವಾರಿಯ ಗುಂಡಿಯಲ್ಲಿ ಹಸಿರು ನೀರು ನಿಂತಿತು. ಮದ್ದು ನೆನೆದು ಕೆಲಸ ಅರ್ಧ ನಿಂತಿತ್ತು. ಎರಡು ವಾರ ಕೇರಳದ ಲಾರಿ ಬರಲಿಲ್ಲ. ಅಲ್ಲಿ ಗಾಳಿಮಳೆ ಜೋರು ಎಂದು ಚೆಕ್‌ಪೋಸ್ಟಿನ ಕಡೆಯಿಂದ ಬಂದವರು ಹೇಳಿದರು. ಮಹದೇವಮ್ಮ ಗುಡ್ಡದ ತುದಿಗೆ ಹೋಗಿ ರಸ್ತೆ ನೋಡಿ ಬರುತ್ತಿದ್ದಳು. "ನಮ್ ಕಲ್ಲು ಅವೆ ಬುಡು," ಎನ್ನುತ್ತಿದ್ದಳು, ಯಾರೂ ಕೇಳದಿದ್ದರೂ.

ಒಂದು ಮಧ್ಯಾಹ್ನ ಬಾಲನ್‌ನ ಲಾರಿ ಗುಡ್ಡ ಹತ್ತಿತು. ಹತ್ತುವಾಗಿನ ಸದ್ದಿನಲ್ಲೇ ಗೊತ್ತಾಯಿತು, ಅದು ಖಾಲಿ ಬರುತ್ತಿಲ್ಲ. ಕ್ವಾರಿಗೆ ಯಾರೂ ಕಲ್ಲು ಹೊತ್ತು ತರುವುದಿಲ್ಲ. ಅವನು ಲಾರಿ ಹಿಂದಕ್ಕೆ ತಿರುಗಿಸಿ ಹಿಂಭಾಗ ಎತ್ತಿದ. ಒಂದೇ ಒಂದು ಕಲ್ಲು ಜಾರಿ, ಕೆಸರಿಗೆ ದೊಪ್ಪನೆ ಬಿದ್ದು, ಮುಖ ಮೇಲಾಗಿ ನಿಂತಿತು. ಅರಿಶಿನ ತೊಳೆದು ಹೋಗಿತ್ತು. ನಂಬರು ಹಾಗೇ ಇತ್ತು.

"ನಿಮ್ಮ ಕಲ್ಲು ಅಮ್ಮನ ಮನೆಯೊಳಗಿತ್ತು," ಎಂದ. "ಒಲೆ ಹತ್ತಿರ."

ಮಹದೇವಮ್ಮ ಹತ್ತಿರ ಬಂದು ಕಲ್ಲಿನ ಮುಖ ಮುಟ್ಟಿದಳು.

"ಅವ್ವ?" ಎಂದಳು ಮಹದೇವಮ್ಮ.

"ಇದ್ದಾಳೆ. ನೀರು ಏರೋ ಮುಂಚೆ ಅಕ್ಕಪಕ್ಕದವರು ಎಳೆದುಕೊಂಡು ಹೋದರು. ಸ್ಕೂಲಲ್ಲಿ ಮಲಗಿದ್ದಾಳೆ. ಮಾತು ಬಿಟ್ಟಿದ್ದಾಳೆ. ಮನೆ ಇಲ್ಲ." ಅವನು ಎರಡೂ ಕೈ ಅಗಲಿಸಿದ. "ಈ ಕಡೆ ಒರಟು ಕಲ್ಲು ನಿಂತಿದೆ. ಆ ಕಡೆ ಒರಟು ಕಲ್ಲು ನಿಂತಿದೆ. ನಡುವೆ ನಮ್ಮದು ಮಾತ್ರ ಹಲ್ಲು ಉದುರಿದ ಹಾಗೆ. ಕೆಲವು ಮರಳಿನೊಳಗೆ ಹೋದವು. ಇದು ಗೋಡೆ ಒಡೆದು ಒಳಗೆ ಬಂತು. ನೀರು ಇದರ ಮೇಲೆ ತಟ್ಟೆ ಮೇಲೆ ಓಡಿದ ಹಾಗೆ ಓಡುತ್ತೆ, ಕಲ್ಲು ಕಲ್ಲಿನ ಮೇಲೆ ಜಾರುತ್ತೆ, ಅಂತ ಇಂಜಿನಿಯರ್ ಹೇಳಿದರು. ಇದನ್ನ ಪಾಸು ಮಾಡಿದ್ದು ಯಾರು ಅಂತ ಕೇಳಿದರು."

ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದು ಮಹದೇವಮ್ಮ. ಹಣೆಯ ಮೇಲಿನ ಹನಿ ಒರೆಸಿಕೊಳ್ಳದೆ ನೋಡಿದಳು. ಟೇಪು ಎನ್ನಲಿಲ್ಲ, ಮುಕ್ಕಾಲು ಎನ್ನಲಿಲ್ಲ.

"ಅಪ್ಪಾ, ನಿನ್ ಪುಸ್ತಕದಲ್ಲಿ ಇತ್ತಾ ಇದು? ಮುಖ ಕೊಡಬ್ಯಾಡಿ ಅಂತ ಇತ್ತಾ?"

"ಇರಲಿಲ್ಲ," ಎಂದೆ.

ಚೀಲ ಹೆಗಲ ಮೇಲಿತ್ತು. ಪುಸ್ತಕ ಅದರಲ್ಲಿತ್ತು. ಅದರ ಅಂಚು ಪಕ್ಕೆಗೆ ಒತ್ತುತ್ತಿತ್ತು.

ಆಗ ಬಾಲನ್ ನನ್ನ ಕಡೆ ತಿರುಗಿದ. ಅವನಿಗೆ ಗೊತ್ತಾಯಿತೋ ಇಲ್ಲವೋ ನಾನರಿಯೆ. ಕಾಲ ಬುಡಕ್ಕೆ ಉಗಿದು, ಲುಂಗಿ ಮೇಲಕ್ಕೆ ಕಟ್ಟಿ, ಲಾರಿ ಹತ್ತಿ ಹೋದ. ಮತ್ತೆ ಆ ಗುಡ್ಡಕ್ಕೆ ಬರಲಿಲ್ಲ.

ಮಹದೇವಮ್ಮ ಚಾಣ, ಸುತ್ತಿಗೆ ತಂದಳು. ಕಲ್ಲಿನ ಪಕ್ಕ ಕೆಸರಲ್ಲೇ ಕೂತಳು. ತಾನೇ ಸಮ ಮಾಡಿದ ಮುಖದ ಮೇಲೆ ಹೊಡೆಯತೊಡಗಿದಳು. ಗೆರೆ ನೋಡಿ ಅಲ್ಲ, ಲೆಕ್ಕ ಹಾಕಿ ಅಲ್ಲ. ಎಲ್ಲೆಂದರಲ್ಲಿ. ಚೂರು ಹಾರಿ ಮುಖಕ್ಕೆ ಬಡಿಯುತ್ತಿತ್ತು. ಚಿಕ್ಕಮಾದ, "ಅತ್ತೆ, ಬುಡತ್ತೆ, ಓಗನ," ಎಂದು ಕೈ ಹಿಡಿಯಲು ಹೋಗಿ ಮೊಣಕೈಯ ಏಟು ತಿಂದ. ಸಂಜೆಯವರೆಗೂ ಜಿಮುರು ಮಳೆಯಲ್ಲಿ ಹೊಡೆದಳು. ಮುಖದಲ್ಲಿ ಅಂಗೈಯಗಲ ಸಮ ಜಾಗ ಉಳಿಯಲಿಲ್ಲ.

ಆ ರಾತ್ರಿಯೋ ಮರುದಿನವೋ ಪುಸ್ತಕದಿಂದ ಕೆಂಪು ಗೆರೆಯ ಹಾಳೆ ಹರಿದು ಈರುಳ್ಳಿ ಸಿಪ್ಪೆಯ ರಾಶಿಗೆ ಎಸೆದೆ. ತಿಂಗಳೊಳಗೆ ಕೆಲಸ ಬಿಟ್ಟೆ. ಉಳಿದ ಎರಡು ಪೇಪರು ಪಾಸಾದವು. ಮೈಸೂರಿನಲ್ಲಿ ಕೆಲಸ ಸಿಕ್ಕಿತು.

"ಸಕ್ಕರೆ ಸಾಕಾ ಸಾ?"

ಅಂಗಡಿಯ ಹೆಂಗಸು ಲೋಟ ಕೊಟ್ಟಳು. ಮೂವತ್ತೈದರ ಹತ್ತಿರದವಳು. ಬಸ್ಸಿನ ಕಡೆ ಕಂಡಕ್ಟರು ಟೈರು ಉರುಳಿಸುತ್ತಿದ್ದ. ಹೊತ್ತು ಕಳೆಯಬೇಕಿತ್ತು. ಅವಳು ತಾನಾಗಿಯೇ ಕತೆ ಶುರು ಮಾಡಿದಳು.

"ಇದ್ನ ಕೆತ್ತಿದ್ದು ನಮ್ಮತ್ತೆ ಸಾ. ಮಹದೇವಮ್ಮ ಅಂತ. ಕಲ್ಲಲ್ಲಿ ಅವ್ರನ್ನ ಮೀರ್ಸೋರಿರ್ನಿಲ್ಲ. ಕೇರಳದ ಒಬ್ಬ ಮುದುಕಿ ಮನೆಗೆ ಅಂದ್ಬುಟ್ಟು ಪ್ರೀತಿಯಿಂದ ಮಾಡ್ಕೊಟ್ರು. ಕಲ್ಲು ಓಗಿ ಆ ಮುದುಕಿ ಮನೇನೇ ಬೀಳುಸ್ಬುಡ್ತು. ನಂಗೆ ಗೊತ್ತಿರ್ನಿಲ್ಲ, ನಾನೇ ಮಾಡ್ಬುಟ್ಟೆ, ನಾನೇ ಮಾಡ್ಬುಟ್ಟೆ ಅಂತಿದ್ರು ಸಾಯಾಗಂಟ. ಅದಾದ್ಮ್ಯಾಲೆ ಒಂದು ಕಲ್ಗೂ ಮುಖ ಕೊಡ್ನಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬರುವಾಗ ಹೊಸ್ತಿಲಗಲ್ಲ ಬ್ಯಾರೆಯೋರ ತಾವ ತರುಸುದ್ರು, ನೋಡಿ. ಕ್ವಾರಿ ಮುಚ್ಚಿದ್ಮ್ಯಾಲೆ ಇದ್ನ ಮಾತ್ರ ಜೆಸಿಬಿಲಿ ಇಲ್ಲಿಗೆ ತಂದಾಕ್ಸಿದ್ರು. ದಿನಾ ಇದ್ರ ಮ್ಯಾಲೇ ಕೂತ್ಕತಿದ್ರು."

ಕಂಡಕ್ಟರು ಸೀಟಿ ಊದಿದ. ಎದ್ದು ಹೋಗಿದ್ದರೆ ಆಗುತ್ತಿತ್ತು. ಟೀ ಅರ್ಧ ಇತ್ತು.

"ಅವರ ತಪ್ಪಲ್ಲ," ಎಂದೆ. "ಪುಸ್ತಕದಲ್ಲಿ ಬರೆದಿತ್ತು. ಮುಖ ಕೊಡಬಾರದು ಅಂತಲೇ ಇತ್ತು. ಅವರು ಕೇಳಿದರು, ಇಲ್ಲ ಅಂತ ಸುಳ್ಳು ಹೇಳಿದರು... ಹೇಳಿದೆ."

"ಯಾರು?"

"ಆ ನಂಬರು ಬರೆದದ್ದು ನಾನು."

ಅವಳು ಕಲ್ಲನ್ನು ನೋಡಿದಳು, ನನ್ನ ಕೈ ನೋಡಿದಳು. ಸ್ಟವ್ವಿನ ಮೇಲೆ ಹಾಲು ಉಕ್ಕಿತು, ಇಳಿಸಲಿಲ್ಲ.

"ಮುಕ್ಕಾಲಾ?" ಎಂದಳು. "ನೀನಾ ಮುಕ್ಕಾಲು?"

ತಲೆ ಆಡಿಸಿದೆ. ಈ ಸಲ ಆಡಿಸಿದ್ದು ಖಚಿತ.

"ಏಳು ಮ್ಯಾಕೆ."

ಎದ್ದೆ. ಅವಳು ಲೋಟ ತೊಳೆಯುವ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ತಂದು, ನಾನು ಕೂತಿದ್ದ ಜಾಗದ ಮೇಲೆ ಪೂರ್ತಿ ಸುರಿದಳು. ಬಸ್ಸು ಹತ್ತಿ ಕಿಟಕಿಯಿಂದ ನೋಡಿದೆ. ನೀರು ಕೆಳಗೆ ಹರಿದು ಹೋಗಿರಲಿಲ್ಲ. ಗುಳಿ ಗುಳಿಯಲ್ಲೂ ನಿಂತಿತ್ತು.